ಅಂಗಳ, ತೊಟ್ಟಿಗಳ ಹಸಿ ಕಾಂಕ್ರೀಟಿನಲ್ಲಿ ಕಂಡುಬರುವ ದೋಷಗಳು ಮತ್ತು ಅವುಗಳ ನಿವಾರಣೆ

ಕುಂದಾಪುರದಿಂದ ಬೈಂದೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಮರವಂತೆ, ನಾವುಂದ, ಕಿರಿಮಂಜೇಶ್ವರ, ನಾಗೂರು ಮುಂತಾದ ಊರುಗಳು ಸಮುದ್ರಕ್ಕೂ ಮುರಕಲ್ಲಿನ ಗುಡ್ಡಗಳಿಗೂ ನಡುವಣ ಕಿರಿದಾದ ಪಟ್ಟಿಯಲ್ಲಿವೆ. ಇಲ್ಲಿಯ ಮುಖ್ಯ ಬೆಳೆಗಳು ಭತ್ತ, ತೆಂಗು ಮತ್ತು ಅಡಿಕೆ. ಹಿಂದೆ ಮಳೆಗಾಲ ಮುಗಿದೊಡನೆ ಮನೆಯ ಮುಂದಿನ ಅಂಗಳವನ್ನು ಕೆತ್ತಿ, ಮಣ್ಣು ಹಾಕಿ, ನೀರು ಚಿಮುಕಿಸಿ ಬಡಿದು, ಸಗಣಿ ಸಾರಿಸಿ ಆ ವರ್ಷದ ಬೆಳೆಗೆ ಸಿದ್ಧಗೊಳಿಸುತ್ತಿದ್ದರು. ಕಟಾವು ಯಂತ್ರಗಳು ಬಂದ ಮೇಲೆ ಈ ಪದ್ಧತಿಗೆ ಸಂಚಕಾರ ಬಂದಿದೆ. ಯಂತ್ರದಿಂದ ಬರುವ ಭತ್ತದಲ್ಲಿ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಹೆಚ್ಚು ತೇವಾಂಶವಿರುತ್ತದೆ. ಅದನ್ನು ಎರಡು ಮೂರು ದಿನಗಳೊಳಗೆ ಶೇಕಡಾ 13-14ಕ್ಕೆ ಇಳಿಸದಿದ್ದರೆ ಭತ್ತ ಬಿಸಿಯೇರಿ ಅಕ್ಕಿ ಬಣ್ಣಗೆಡುತ್ತದೆ. ಒಂದೇ ದಿನದಲ್ಲಿ ಅಷ್ಟೂ ಬೆಳೆ ಬಂದು ಬೀಳುವುದರಿಂದ ಗಟ್ಟಿಯಾದ, ಬೇಗ ಒಣಗುವ ಅಂಗಳ ಅತ್ಯವಶ್ಯವಾಗಿದೆ. ಇದರೊಡನೆ ಹಟ್ಟಿಯ ನೆಲ, ಗೊಬ್ಬರದ ಗುಂಡಿ, ತೋಟಕ್ಕೆ ನೀರು ಶೇಖರಿಸುವ ತೊಟ್ಟಿ ಇವೆಲ್ಲವೂ ಈಗ ಕಾಂಕ್ರೀಟಿನವೇ.

ಆದರೆ ಒಂದು ಬೆಳೆಯ ಹಣವನ್ನೆಲ್ಲ ಸುರಿದು, ಕೆಲವೊಮ್ಮೆ ಸಾಲವನ್ನೂ ಮಾಡಿ ಹಾಕಿಸಿದ ಅಂಗಳವು ಒಂದೇ ಮಳೆಗಾಲದಲ್ಲಿ ಮೇಲ್ಪದರ ಬಿಟ್ಟು ಪುಡಿಯಾಗುವುದುಂಟು. ಭತ್ತದಲ್ಲಿ ಮರಳು ಸೇರುತ್ತದೆ, ಅಡಿಕೆಗೆ ಬೂದಿ ಬಣ್ಣದ ಧೂಳು ಅಂಟುತ್ತದೆ. ತೊಟ್ಟಿಯ ಗೋಡೆ ಬೆವರುತ್ತದೆ. ಐದಾರು ವರ್ಷಗಳಲ್ಲಿ ತಾರಸಿಯ ತಳದಿಂದ ಚಕ್ಕೆಗಳು ಬಿದ್ದು ತುಕ್ಕು ಹಿಡಿದ ಸರಳು ಹೊರಗೆ ಕಾಣುತ್ತದೆ. ಆಗ ತಪ್ಪೆಲ್ಲ ಸಿಮೆಂಟಿನ ಮೇಲೆ ಬೀಳುತ್ತದೆ. ಸಿಮೆಂಟು ಕೆಟ್ಟದಾಗಿರುವುದು ಅಪರೂಪ. ಇಂತಹ ಹೆಚ್ಚಿನ ದೋಷಗಳ ಮೂಲವು ಕಾಂಕ್ರೀಟ್ ಹಾಕಿದ ಮೊದಲನೆಯ ದಿನದಲ್ಲಿ, ಇನ್ನೂ ಸರಿಯಾಗಿ ಹೇಳುವುದಾದರೆ ಮೊದಲ ಆರು ಗಂಟೆಗಳಲ್ಲಿ ಇರುತ್ತದೆ. ಆ ಹೊತ್ತಿನಲ್ಲಿ ಅವುಗಳನ್ನು ಕಣ್ಣಿನಿಂದಲೇ ಗುರುತಿಸಬಹುದು ಮತ್ತು ಖರ್ಚಿಲ್ಲದೆ ತಡೆಯಬಹುದು.

ಕಾಂಕ್ರೀಟ್ ಗಟ್ಟಿಯಾಗುವ ಬಗೆ

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂಬುದು ತಪ್ಪು ಕಲ್ಪನೆ. ಹಸಿಮಣ್ಣಿನ ಗೋಡೆ ಒಣಗಿ ಗಟ್ಟಿಯಾಗುತ್ತದೆ, ಕಾಂಕ್ರೀಟ್ ಹಾಗಲ್ಲ. ಸಿಮೆಂಟಿನ ಕಣಗಳು ನೀರಿನೊಡನೆ ರಾಸಾಯನಿಕವಾಗಿ ಸಂಯೋಗ ಹೊಂದಿ ಹೊಸ ಪದಾರ್ಥವೊಂದನ್ನು ಉಂಟುಮಾಡುತ್ತವೆ. ಮರಳು, ಜಲ್ಲಿಗಳನ್ನು ಹಿಡಿದಿಡುವುದು ಈ ಪದಾರ್ಥವೇ. ಸಂಯೋಗ ನಡೆಯುವಷ್ಟು ಕಾಲವೂ ನೀರು ಇರಲೇಬೇಕು. ನೀರು ಆರಿದಲ್ಲಿ ಕ್ರಿಯೆ ನಿಲ್ಲುತ್ತದೆ. ನೀರು ಸಿಗದ ಸಿಮೆಂಟು ಕಾಂಕ್ರೀಟಿನೊಳಗೆ ಪುಡಿಯಾಗಿಯೇ ಉಳಿಯುತ್ತದೆ.

ಹಾಗೆಂದು ಕಲಸುವಾಗಲೇ ಹೆಚ್ಚು ನೀರು ಹಾಕಿದರೆ ಒಳಿತಲ್ಲ. 50 ಕಿ.ಗ್ರಾಂ. ಚೀಲದ ಸಿಮೆಂಟು ಪೂರ್ಣವಾಗಿ ಸಂಯೋಗ ಹೊಂದಲು ಸುಮಾರು 19 ಲೀಟರ್ ನೀರು ಸಾಕು. ಕಲಸಲು, ಹರಡಲು ಅನುಕೂಲವಾಗಲೆಂದು 25 ಲೀಟರ್ ಹಾಕುತ್ತೇವೆ. ಇದರ ಮೇಲೆ ಹಾಕಿದ ಪ್ರತಿ ಲೀಟರ್ ನೀರೂ ಕಾಂಕ್ರೀಟಿನಲ್ಲಿ ಜಾಗ ಹಿಡಿದು ಕುಳಿತು, ಮುಂದೆ ಆವಿಯಾಗಿ ಹೋದಾಗ ಆ ಜಾಗವನ್ನು ಖಾಲಿ ಬಿಟ್ಟುಹೋಗುತ್ತದೆ. ಚೀಲಕ್ಕೆ 25 ಲೀಟರ್ ಇರಬೇಕಾದಲ್ಲಿ 32-33 ಲೀಟರ್ ಆದರೆ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ನಷ್ಟವಾಗುತ್ತದೆ. ಅಂದರೆ ಮೂರು ಚೀಲ ಸಿಮೆಂಟಿಗೆ ಹಣ ಕೊಟ್ಟು ಎರಡು ಚೀಲದ ಕೆಲಸ ಪಡೆದಂತಾಯಿತು. ಕಲಸುವಾಗ ನೀರು ಮಿತವಾಗಿರಬೇಕು, ಗಟ್ಟಿಯಾದ ಮೇಲೆ ಧಾರಾಳವಾಗಿರಬೇಕು. ವಾಡಿಕೆಯಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ.

ಮೇಲೆ ನಿಲ್ಲುವ ನೀರು ಮತ್ತು ಪುಡಿಯಾಗುವ ಮೇಲ್ಮೈ

ಹರಡಿ ಮಟ್ಟ ಮಾಡಿದ ಸ್ವಲ್ಪ ಹೊತ್ತಿನಲ್ಲಿ ಭಾರವಾದ ಜಲ್ಲಿ, ಮರಳು ಕೆಳಕ್ಕೆ ಕುಳಿತು ನೀರು ಮೇಲಕ್ಕೆ ಬರುತ್ತದೆ. ಅಲ್ಪ ಪ್ರಮಾಣದಲ್ಲಿ ಇದು ಸಹಜ, ಕರಾವಳಿಯ ಬಿಸಿಲಿಗೆ ಒಳ್ಳೆಯದೂ ಹೌದು. ಆದರೆ ಸಾರಿನಂತೆ ತೆಳುವಾಗಿ ಕಲಸಿದ ಕಾಂಕ್ರೀಟಿನಲ್ಲಿ ನೀರು ಕೆರೆಯಂತೆ ನಿಲ್ಲುತ್ತದೆ. ಬರುವಾಗ ಅದು ಸಿಮೆಂಟಿನ ಮತ್ತು ಕಲ್ಲುಪುಡಿಯ ನುಣುಪು ಕಣಗಳನ್ನು ಹೊತ್ತು ತರುತ್ತದೆ. ಮೇಲೆ ಕೆನೆಯಂತಹ ಒಂದು ಪದರ ಕಟ್ಟುತ್ತದೆ.

ಈ ಹಂತದಲ್ಲಿಯೇ ಕರಣೆ ಹಿಡಿದು ತೀಡಿದರೆ ನೀರು ಒಳಕ್ಕೆ ಸೇರಿ ಮೇಲಿನ ಎರಡು ಮೂರು ಮಿ.ಮೀ. ಪದರ ತೀರ ದುರ್ಬಲವಾಗುತ್ತದೆ. ಇನ್ನೂ ಕೆಟ್ಟ ವಾಡಿಕೆಯೊಂದಿದೆ. ನಿಂತ ನೀರನ್ನು ಹೀರಿಸಲು ಒಣ ಸಿಮೆಂಟನ್ನು ಎರಚಿ ಉಜ್ಜುವುದು. ಅಂದಿಗೆ ಅಂಗಳ ಕನ್ನಡಿಯಂತೆ ಹೊಳೆಯುತ್ತದೆ, ಮನೆಯವರಿಗೆ ಸಂತೋಷವಾಗುತ್ತದೆ. ಆದರೆ ಸಿಮೆಂಟು ಅಧಿಕವಾಗಿರುವ ಆ ತೆಳು ಪದರ ಕೆಳಗಿನ ಕಾಂಕ್ರೀಟಿಗಿಂತ ಹೆಚ್ಚು ಕುಗ್ಗಿ ಜೇಡರ ಬಲೆಯಂತೆ ಸೀಳುತ್ತದೆ, ಮುಂದೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಅಂಗಳದ ಧೂಳಿನ ದೂರುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟಿದವು.

ನಿವಾರಣೆಯು ಸರಳ. ನೀರು ಕಡಿಮೆ ಹಾಕಬೇಕು. ಹಾಗೂ ನೀರು ಮೇಲೆ ನಿಂತರೆ ಗೋಣಿಯನ್ನು ಮೆಲ್ಲಗೆ ಎಳೆದು ಅದನ್ನು ತೆಗೆಯಬೇಕು, ಇಲ್ಲವೆ ಅದಾಗಿಯೇ ಆರುವವರೆಗೆ ಕಾಯಬೇಕು. ಮೇಲಿನ ಹೊಳಪು ಮಾಸಿ, ಕಾಲಿಟ್ಟರೆ ಹೆಜ್ಜೆ ಅರ್ಧ ಸೆಂ.ಮೀ.ಗಿಂತ ಆಳಕ್ಕೆ ಇಳಿಯದಂತಾದಾಗ ಕೊನೆಯ ಉಜ್ಜುವಿಕೆ ಮಾಡಬೇಕು. ಭತ್ತ ಒಣಗಿಸುವ ಅಂಗಳಕ್ಕೆ ಕನ್ನಡಿಯ ನುಣುಪು ಬೇಕಾಗಿಯೂ ಇಲ್ಲ, ಮರದ ಹಲಗೆಯಿಂದ ತೀಡಿದ ಮೈ ಸಾಕು. ಹಟ್ಟಿಯ ನೆಲದಲ್ಲಂತೂ ನುಣುಪು ಅಪಾಯಕಾರಿ, ಜಾನುವಾರುಗಳು ಜಾರಿ ಬಿದ್ದು ಕಾಲು ಮುರಿದುಕೊಳ್ಳುತ್ತವೆ. ಅಲ್ಲಿ ಗರಿಪೊರಕೆಯಿಂದ ಅಡ್ಡಕ್ಕೆ ಗೀರು ಎಳೆಯಬೇಕು.

ಅಳತೆಯ ಪೆಟ್ಟಿಗೆ

ನೀರು ಹೆಚ್ಚಾಗಲು ಮುಖ್ಯ ಕಾರಣ ಅಳತೆಯಿಲ್ಲದೆ ಬಾಂಡ್ಲಿ ಲೆಕ್ಕದಲ್ಲಿ ಕಲಸುವುದು. ಒಂದು ಚೀಲ ಸಿಮೆಂಟಿನ ಗಾತ್ರ ಸುಮಾರು 35 ಲೀಟರ್. ಒಳ ಅಳತೆ 40 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರವಿರುವ ತಳವಿಲ್ಲದ ಮರದ ಪೆಟ್ಟಿಗೆಯೊಂದನ್ನು ಊರಿನ ಬಡಗಿಯಿಂದ ಮಾಡಿಸಿದರೆ ಅದು ಸರಿಯಾಗಿ ಒಂದು ಚೀಲದ ಅಳತೆಯಾಗುತ್ತದೆ. ಅಂಗಳ ಮತ್ತು ಹಟ್ಟಿಯ ನೆಲಕ್ಕೆ ಒಂದು ಚೀಲ ಸಿಮೆಂಟಿಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ 20 ಮಿ.ಮೀ. ಜಲ್ಲಿ ಸೇರಿಸುವುದು ಉತ್ತಮ. ಈ ಪ್ರಮಾಣದಲ್ಲಿ ಒಂದು ಚೀಲದಿಂದ 10 ಸೆಂ.ಮೀ. ದಪ್ಪದ ಸುಮಾರು 13 ಚದರ ಅಡಿ ನೆಲವಾಗುತ್ತದೆ. ಖರ್ಚಿನ ಅಂದಾಜಿಗೆ ಇಷ್ಟು ಸಾಕು.

ಮರಳಿನ ವಿಷಯದಲ್ಲಿ ಎರಡು ಮಾತು. ಒದ್ದೆ ಮರಳು ಉಬ್ಬುತ್ತದೆ. ಶೇಕಡಾ 5ರಷ್ಟು ತೇವವಿದ್ದಾಗ ಅದರ ಗಾತ್ರ ಒಣ ಮರಳಿಗಿಂತ ಶೇಕಡಾ 20ರಿಂದ 30ರಷ್ಟು ಹೆಚ್ಚು ಕಾಣುತ್ತದೆ. ಆದುದರಿಂದ ಒದ್ದೆ ಮರಳನ್ನು ಅಳೆಯುವಾಗ ಒಂದೂವರೆಯ ಬದಲು ಹೆಚ್ಚುಕಡಿಮೆ ಎರಡು ಪೆಟ್ಟಿಗೆಯ ಹತ್ತಿರ ಹಾಕಬೇಕಾಗುತ್ತದೆ. ಅದೇ ಮರಳಿನಲ್ಲಿ ನಾಲ್ಕು ಲೀಟರಿನಷ್ಟು ನೀರೂ ಅಡಗಿರುತ್ತದೆ, ಅಷ್ಟನ್ನು ಕಲಸುವ ನೀರಿನಲ್ಲಿ ಕಳೆಯಬೇಕು. ಎರಡನೆಯದಾಗಿ, ಹೊಳೆಯ ಮರಳು ಸಿಗದಿರುವ ಕಡೆಗಳಲ್ಲಿ ಈಗ ಬಳಸುವ ಎಂ-ಸ್ಯಾಂಡಿನಲ್ಲಿ ಕಲ್ಲಿನ ಹಿಟ್ಟು ಹೆಚ್ಚಾಗಿದ್ದರೆ ಅದು ನೀರನ್ನು ಕುಡಿಯುತ್ತದೆ. ಕಾಂಕ್ರೀಟ್ ಬಿಗಿಯಾಗಿ ಕಂಡು ಕೆಲಸಗಾರರು ನೀರು ಸುರಿಯುತ್ತಾರೆ. ಕೊಳ್ಳುವ ಮುನ್ನ ಒಂದು ಹಿಡಿ ಮರಳನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ ಬಿಟ್ಟು ನೋಡಿದರೆ ಮೇಲೆ ಕೂರುವ ಹಿಟ್ಟಿನ ಪದರದಿಂದ ಅಂದಾಜು ಸಿಗುತ್ತದೆ.

ಉಪ್ಪಿನ ಪ್ರಶ್ನೆ

ಒಳನಾಡಿನಲ್ಲಿ ಒಂದು ಬಿರುಕು ಕೇವಲ ಬಿರುಕಾಗಿ ಉಳಿದೀತು. ಕಡಲ ತಡಿಯಲ್ಲಿ ಅದು ಉಪ್ಪಿಗೆ ಬಾಗಿಲು. ಕಾಂಕ್ರೀಟಿನ ಕ್ಷಾರಗುಣದಿಂದಾಗಿ ಒಳಗಿರುವ ಕಬ್ಬಿಣದ ಮೇಲೆ ರಕ್ಷಣೆಯ ಪೊರೆಯೊಂದು ಇರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಒಡೆಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಹಿಡಿಯುವುದರಿಂದ ಸುತ್ತಲಿನ ಕಾಂಕ್ರೀಟ್ ಒಡೆದು ಉದುರುತ್ತದೆ. ಉಪ್ಪುಗಾಳಿಯಂತೂ ಇದ್ದೇ ಇದೆ. ಅದರ ಜತೆಗೆ ಕಲಸುವಾಗಲೇ ಉಪ್ಪನ್ನು ಸೇರಿಸಿಬಿಟ್ಟರೆ ತೊಟ್ಟಿಯ ಆಯುಸ್ಸು ಅಂದೇ ಮೊಟಕಾದಂತೆ.

ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿ.ಗ್ರಾಂ.ಗಿಂತ ಹೆಚ್ಚು ಕ್ಲೋರೈಡ್ ಇರಬಾರದೆಂದು ಐ.ಎಸ್. 456 ಮಾನಕದ 2000ದ ಆವೃತ್ತಿ ವಿಧಿಸಿದೆ. ಸರಳಿಲ್ಲದ ಕಾಂಕ್ರೀಟಿಗೆ ಈ ಮಿತಿ 2,000 ಮಿ.ಗ್ರಾಂ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿ.ಗ್ರಾಂ. ಕ್ಲೋರೈಡ್ ಇರುತ್ತದೆ. ಎಂದರೆ 40 ಕೊಡ ಸಿಹಿನೀರಿಗೆ ಒಂದು ಕೊಡ ಸಮುದ್ರದ ನೀರು ಬೆರೆತರೂ ಮಿತಿ ಹೆಚ್ಚುಕಡಿಮೆ ತಲುಪಿತು. ಹೊಳೆಯ ಹಿನ್ನೀರಿನ ಬದಿಯ ಹಲವು ಬಾವಿಗಳು ಏಪ್ರಿಲ್-ಮೇ ತಿಂಗಳಲ್ಲಿ ಉಪ್ಪಾಗುವುದು ಇಲ್ಲಿಯವರಿಗೆ ತಿಳಿದದ್ದೇ. ಕುಡಿಯಲು ಬಾರದ ಆ ನೀರನ್ನು ಕಟ್ಟಡದ ಕೆಲಸಕ್ಕಾದರೂ ಆಗಲಿ ಎಂದು ಬಳಸುತ್ತಾರೆ. ನಾಲಿಗೆಗೆ ಉಪ್ಪೆನಿಸುವ ನೀರನ್ನು ಸರಳಿನ ಕಾಂಕ್ರೀಟಿಗೆ ಕಲಸಲೂ ಬಾರದು, ಮೇಲೆ ಹೊಯ್ಯಲೂ ಬಾರದು. ಅನುಮಾನವಿದ್ದಲ್ಲಿ ಮಣ್ಣು-ನೀರು ಪರೀಕ್ಷಾಲಯದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಡಲ ದಂಡೆಯ ಮತ್ತು ಅಳಿವೆಯ ಮರಳಿಗೂ ಇದೇ ಮಾತು ಅನ್ವಯಿಸುತ್ತದೆ.

ರೈತರ ಮನೆಯಲ್ಲಿ ಕ್ಲೋರೈಡಿಗೆ ಇನ್ನೊಂದು ದಾರಿಯಿದೆ, ಅದನ್ನು ಕಟ್ಟಡದವರು ಸಾಮಾನ್ಯವಾಗಿ ಯೋಚಿಸುವುದಿಲ್ಲ. ತೆಂಗು, ಅಡಿಕೆಗಳಿಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವು ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದ ಹತ್ತಿರಹತ್ತಿರ ಅರ್ಧದಷ್ಟು ಕ್ಲೋರೈಡೇ. ಈ ಗೊಬ್ಬರದ ಚೀಲಗಳಲ್ಲಿ ಮರಳು ಹೊರುವುದು, ಒದ್ದೆ ಮಾಡಿ ಕಾಂಕ್ರೀಟಿನ ಮೇಲೆ ಹೊದಿಸುವುದು, ಗೊಬ್ಬರದ ಕೋಣೆಯಲ್ಲಿಯೇ ಸಿಮೆಂಟನ್ನು ಪೇರಿಸುವುದು ಇವನ್ನು ಬಿಡಬೇಕು. ಬೆಲ್ಲ, ಸಕ್ಕರೆಯ ಗೋಣಿಗಳೂ ಕೂಡದು. ಸಿಮೆಂಟಿನ ತೂಕದ ಶೇಕಡಾ 0.05ರಷ್ಟು ಸಕ್ಕರೆಯೂ ಗಟ್ಟಿಯಾಗುವುದನ್ನು ಗಂಟೆಗಟ್ಟಲೆ ತಡಮಾಡಬಲ್ಲದು.

ಹಸಿಯಲ್ಲೇ ಬಿಡುವ ಬಿರುಕು

ಕರಾವಳಿಯ ಅಂಗಳಗಳಲ್ಲಿ ಅತಿ ಸಾಮಾನ್ಯವಾದ ದೋಷ ಇದು. ಮೇಲೆ ಬರುವ ನೀರಿಗಿಂತ ಗಾಳಿ-ಬಿಸಿಲು ಹೀರುವ ನೀರು ಹೆಚ್ಚಾದಾಗ ಮೇಲ್ಮೈ ಕುಗ್ಗಿ, ಇನ್ನೂ ಬಲವಿಲ್ಲದ ಕಾಂಕ್ರೀಟ್ ಸೀಳುತ್ತದೆ. ನೀರು ಬಿಟ್ಟ ಕೆಸರುಗದ್ದೆ ಬಿಸಿಲಿಗೆ ಸೀಳುವ ರೀತಿಯೇ ಇಲ್ಲಿಯೂ. ಹಾಕಿದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಓರೆಯಾಗಿ, ಒಂದಕ್ಕೊಂದು ಹೆಚ್ಚುಕಡಿಮೆ ಸಮಾನಾಂತರವಾಗಿ ಬಿರುಕುಗಳು ಕಾಣಿಸುತ್ತವೆ. ಗಂಟೆಗೆ ಚದರ ಮೀಟರಿಗೆ ಒಂದು ಲೀಟರ್ ನೀರು ಆವಿಯಾಗುವ ಸ್ಥಿತಿಯಿದ್ದರೆ ಅಪಾಯ ಖಚಿತವೆಂದು ತಿಳಿಯಬೇಕು. ಸೆಕೆಯ ನಾಡಿನಲ್ಲಿ ಇದಾಗದು ಎಂಬ ಭಾವನೆಯಿದೆ. ಆದರೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೆಳಗ್ಗೆ ಘಟ್ಟದ ಕಡೆಯಿಂದ ಬೀಸುವ ಮೂಡಣ ಗಾಳಿ ಸಾಕಷ್ಟು ಒಣಗಾಳಿ. ಮಧ್ಯಾಹ್ನದ ಮೇಲೆ ಕಡಲಗಾಳಿ ತೇವವಿದ್ದರೂ ಜೋರಾಗಿರುತ್ತದೆ. ಬಿಸಿಲು ಏರಿದ ಮೇಲೆ ಹತ್ತು ಗಂಟೆಗೆ ಕೆಲಸ ಆರಂಭಿಸಿ, ಸುಡುವ ಜಲ್ಲಿಯನ್ನು ಹಾಗೆಯೇ ಕಲಸಿ, ಬಯಲಿನಲ್ಲಿ ಹರಡಿದರೆ ಬಿರುಕು ಬಿಡದಿರುವುದೇ ಆಶ್ಚರ್ಯ.

ತಳದ ಮುರಕಲ್ಲು ಅಥವಾ ಮರಳು ಒಣಗಿದ್ದರೆ ಅದೂ ಕೆಳಗಿನಿಂದ ನೀರನ್ನು ಹೀರುತ್ತದೆ. ಹಿಂದಿನ ಸಂಜೆ ತಳವನ್ನು ಚೆನ್ನಾಗಿ ನೆನೆಸಿ, ಬೆಳಗ್ಗೆ ನೀರು ನಿಲ್ಲದಂತೆ ನೋಡಿಕೊಂಡು ಕಾಂಕ್ರೀಟ್ ಹಾಕಬೇಕು. ಜಲ್ಲಿಯ ರಾಶಿಯ ಮೇಲೂ ನೀರು ಚಿಮುಕಿಸಿ ತಂಪಾಗಿಡಬೇಕು. ನಸುಕಿನಲ್ಲಿ ಆರಂಭಿಸಿ ಒಂಬತ್ತರೊಳಗೆ ಮುಗಿಸುವುದು ಅಥವಾ ಬಿಸಿಲು ಇಳಿದ ಮೇಲೆ ಹಾಕುವುದು ಲೇಸು. ಗಾಳಿ ಬರುವ ಮಗ್ಗುಲಲ್ಲಿ ತೆಂಗಿನ ಹೆಣೆದ ಮಡಲುಗಳನ್ನು ಮೂರು ನಾಲ್ಕು ಅಡಿ ಎತ್ತರಕ್ಕೆ ತಟ್ಟಿಯಂತೆ ನಿಲ್ಲಿಸಿದರೆ ಬಹಳ ಉಪಕಾರವಾಗುತ್ತದೆ. ಮಟ್ಟ ಮಾಡಿದ ಭಾಗವನ್ನು ಕೂಡಲೇ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಉಜ್ಜುವ ಹೊತ್ತಿಗೆ ಮಾತ್ರ ತೆರೆಯಬೇಕು. ಅಷ್ಟಾಗಿಯೂ ಬಿರುಕು ಕಂಡರೆ, ಕಾಂಕ್ರೀಟ್ ಇನ್ನೂ ಹಸಿಯಿರುವಾಗಲೇ ಮರದ ಹಲಗೆಯಿಂದ ಬಲವಾಗಿ ತಟ್ಟಿ ಮರಳಿ ತೀಡಿದರೆ ಅದು ಪೂರ್ಣ ಆಳಕ್ಕೆ ಮುಚ್ಚಿಕೊಳ್ಳುತ್ತದೆ. ಬರಿದೆ ಸಿಮೆಂಟಿನ ನೀರು ಎರೆದು ಮೇಲಷ್ಟೇ ಒರೆಸಿದರೆ ಮರುದಿನ ಅದೇ ಜಾಗದಲ್ಲಿ ಮತ್ತೆ ಕಾಣಿಸುತ್ತದೆ.

ತಾರಸಿ, ತೊಟ್ಟಿಗಳಲ್ಲಿ ಕಾಣುವ ಇನ್ನೊಂದು ಬಗೆಯ ಬಿರುಕು ನೆಟ್ಟಗೆ ಸರಳಿನ ಮೇಲೆಯೇ ಸಾಗುತ್ತದೆ. ಕಾಂಕ್ರೀಟ್ ಕೆಳಕ್ಕೆ ಕುಳಿತುಕೊಳ್ಳುವಾಗ ಸರಳು ಅಡ್ಡಬಂದು, ಅದರ ಎರಡು ಪಕ್ಕದಲ್ಲಿ ಇಳಿದು ನೆತ್ತಿಯಲ್ಲಿ ಸೀಳುವುದರಿಂದ ಇದಾಗುತ್ತದೆ. ಸಾಮಾನ್ಯವಾಗಿ ಮೊದಲ ಮೂರು ಗಂಟೆಗಳಲ್ಲಿ ಉಂಟಾಗುತ್ತದೆ. ಮೇಲಿನ ಬಿರುಕಿಗಿಂತ ಇದು ಅಪಾಯಕರ, ಏಕೆಂದರೆ ಉಪ್ಪಿಗೆ ಕಬ್ಬಿಣದ ದಾರಿಯನ್ನು ನೇರವಾಗಿ ತೋರಿಸುತ್ತದೆ. ನೀರು ಕಡಿಮೆ ಮಾಡುವುದು, ಸರಳಿನ ಮೇಲೆ ಸಾಕಷ್ಟು ದಪ್ಪದ ಹೊದಿಕೆ ಇರಿಸುವುದು, ಹಾಗೂ ಬಿರುಕು ಕಂಡೊಡನೆ ಇನ್ನೊಮ್ಮೆ ಕುಟ್ಟಿ ಮುಚ್ಚುವುದು ಇದಕ್ಕೆ ಉಪಾಯ.

ಜೇನುಗೂಡು

ಅಚ್ಚಿನ ಹಲಗೆ ಬಿಚ್ಚಿದಾಗ ಗೋಡೆಯಲ್ಲಿ ಜಲ್ಲಿಗಳು ಮಾತ್ರ ಕಾಣುತ್ತ, ನಡುವೆ ಗಾರೆಯಿಲ್ಲದೆ ಟೊಳ್ಳಾಗಿರುವುದಕ್ಕೆ ಕೆಲಸಗಾರರೇ ಇಟ್ಟ ಹೆಸರು ಜೇನುಗೂಡು. ಹಲಗೆಗಳ ಸಂದಿನಿಂದ ಸಿಮೆಂಟಿನ ಹಾಲು ಸೋರಿಹೋಗುವುದು, ಎತ್ತರದಿಂದ ಸುರಿದಾಗ ಜಲ್ಲಿ ಒಂದು ಕಡೆ ಗಾರೆ ಒಂದು ಕಡೆಯಾಗುವುದು, ಒತ್ತಾಗಿ ಕಟ್ಟಿದ ಸರಳುಗಳ ನಡುವೆ ದಪ್ಪ ಜಲ್ಲಿ ಸಿಕ್ಕಿಕೊಳ್ಳುವುದು, ಎಲ್ಲಕ್ಕೂ ಮಿಗಿಲಾಗಿ ಸರಿಯಾಗಿ ಕುಟ್ಟದಿರುವುದು ಇದರ ಕಾರಣಗಳು. ಕಾಂಕ್ರೀಟಿನಲ್ಲಿ ಶೇಕಡಾ 5ರಷ್ಟು ಗಾಳಿಯ ಪೊಳ್ಳು ಉಳಿದರೆ ಶಕ್ತಿ ಶೇಕಡಾ 30ರವರೆಗೆ ಕುಸಿಯುತ್ತದೆ.

ಈ ದೋಷದ ಬೆಲೆ ಎಷ್ಟೆಂಬುದನ್ನು ಕಿಂಡಿ ಅಣೆಕಟ್ಟುಗಳಲ್ಲಿ ನೋಡಬಹುದು. ಮಳೆ ಕಳೆದ ಮೇಲೆ ಕಂಬಗಳ ಸೀಳುಗಳಲ್ಲಿ ಹಲಗೆ ಇಳಿಸಿ ಸಿಹಿನೀರನ್ನು ನಿಲ್ಲಿಸುವ, ಅಳಿವೆಯ ಹತ್ತಿರದಲ್ಲಿ ಉಬ್ಬರದ ಉಪ್ಪುನೀರು ಮೇಲಕ್ಕೆ ನುಗ್ಗದಂತೆ ತಡೆಯುವ ಈ ಕಟ್ಟೆಗಳ ಮೇಲೆ ಸುಗ್ಗಿ, ಕೊಳಕೆ ಬೆಳೆಗಳೂ ಸುತ್ತಲ ಬಾವಿಗಳೂ ನಿಂತಿವೆ. ಹಲಗೆ ಕೂರುವ ಸೀಳಿನ ಅಂಚು ಕಿರಿದಾದ ಜಾಗ, ಸರಳೂ ಒತ್ತು. ಅಲ್ಲಿ ಕಾಂಕ್ರೀಟ್ ಸರಿಯಾಗಿ ತುಂಬದೆ ಜೇನುಗೂಡಾದರೆ ಹಲಗೆ ಎಷ್ಟು ಬಿಗಿಯಾಗಿದ್ದರೂ ನೀರು ಪಕ್ಕದಿಂದ ನುಸುಳುತ್ತದೆ. ಹೊರಗಿನಿಂದ ಗಾರೆ ಬಳಿದು ಮುಚ್ಚಿದರೆ ಒಂದು ವರ್ಷ ತಡೆದೀತು. ಒಳಗೆ ಉಪ್ಪು ಸೇರಿ ಸರಳು ಉಬ್ಬಿದಾಗ ಅಂಚೇ ಒಡೆದು ಬೀಳುತ್ತದೆ. ಊರಿನ ತೋಡಿಗೆ ಇಂತಹ ಕಟ್ಟೆ ಕಟ್ಟುವಾಗ ನೀರು ಬಳಸುವ ರೈತರು ಹಲಗೆ ಬಿಚ್ಚುವ ದಿನ ಸ್ಥಳದಲ್ಲಿದ್ದು ನೋಡುವುದು ಅವರ ಹಿತದ ದೃಷ್ಟಿಯಿಂದ ಅವಶ್ಯ. ಗಾರೆ ಬಳಿದ ಮೇಲೆ ನೋಡಿದರೆ ಏನೂ ಕಾಣದು.

ತೊಟ್ಟಿಯ ಗೋಡೆ ಹಾಕುವಾಗ ಒಂದೂವರೆ ಮೀಟರಿಗಿಂತ ಎತ್ತರದಿಂದ ಕಾಂಕ್ರೀಟ್ ಬೀಳಿಸಬಾರದು. ಒಂದು ಸಲಕ್ಕೆ ಒಂದು ಅಡಿಯಷ್ಟು ಪದರ ಹಾಕಿ, ವೈಬ್ರೇಟರಿನ ಸೂಜಿಯನ್ನು ನೆಟ್ಟಗೆ ಇಳಿಸಿ, ಕೆಳಗಿನ ಪದರಕ್ಕೂ ಸ್ವಲ್ಪ ತಾಗಿಸಿ, ಗುಳ್ಳೆ ಬರುವುದು ನಿಂತೊಡನೆ ಮೆಲ್ಲಗೆ ಮೇಲೆತ್ತಬೇಕು. ಒಂದು ಜಾಗಕ್ಕೆ 5ರಿಂದ 15 ಸೆಕೆಂಡ್ ಸಾಕು. ಬಹಳ ಹೊತ್ತು ಇಟ್ಟರೆ ಜಲ್ಲಿ ಕೆಳಗಿಳಿದು ನೀರು ಮೇಲೆ ಬರುತ್ತದೆ. ಕಾಂಕ್ರೀಟನ್ನು ಪಕ್ಕಕ್ಕೆ ತಳ್ಳಲು ಸೂಜಿಯನ್ನು ಉಪಯೋಗಿಸುವುದು ತಪ್ಪು. ಸಣ್ಣ ಕೆಲಸಕ್ಕೆ ವೈಬ್ರೇಟರ್ ಸಿಗದಿದ್ದರೆ 16 ಮಿ.ಮೀ. ಸರಳಿನ ತುಂಡಿನಿಂದ ಕುತ್ತಿ, ಹಲಗೆಯ ಹೊರಮೈಗೆ ಮರದ ಸುತ್ತಿಗೆಯಿಂದ ತಟ್ಟಬೇಕು.

ಸರಳು ಮತ್ತು ಹಲಗೆಯ ನಡುವೆ ಜಲ್ಲಿಯ ಚೂರು ಸಿಕ್ಕಿಸುವ ಬದಲು ಗಾರೆಯಿಂದ ಮಾಡಿದ ಬಿಲ್ಲೆಗಳನ್ನು ಕಟ್ಟಬೇಕು. ಕರಾವಳಿ ವಾತಾವರಣಕ್ಕೆ ತೆರೆದಿರುವ ಸರಳಿನ ಕಾಂಕ್ರೀಟಿಗೆ ಮೇಲೆ ಹೇಳಿದ ಮಾನಕವು 45 ಮಿ.ಮೀ. ಹೊದಿಕೆ ಮತ್ತು ಎಂ-30 ದರ್ಜೆಯನ್ನು ವಿಧಿಸಿದೆ. ಪೆಟ್ಟಿಗೆ ಅಳತೆಯ ಮಿಶ್ರಣದಿಂದ ಎಂ-20ಕ್ಕಿಂತ ಮೇಲಿನ ದರ್ಜೆಯನ್ನು ನಿರೀಕ್ಷಿಸುವಂತಿಲ್ಲ. ಆದುದರಿಂದ ದೊಡ್ಡ ತೊಟ್ಟಿ, ತಾರಸಿಗಳನ್ನು ಎಂಜಿನಿಯರರ ಸಲಹೆಯಿಲ್ಲದೆ ಕೇವಲ ಮೇಸ್ತ್ರಿಯ ಅನುಭವದ ಮೇಲೆ ಕೈಗೊಳ್ಳುವುದು ಉಚಿತವಲ್ಲ. ಈ ಲೇಖನದ ಅಳತೆಗಳು ಸರಳಿಲ್ಲದ ನೆಲಗಳಿಗೆ ಮಾತ್ರ.

ಊಟದ ಬಿಡುವು

ನೀರು ಬೆರೆಸಿದ ಒಂದು ಗಂಟೆಯೊಳಗೆ ಕಾಂಕ್ರೀಟನ್ನು ಹಾಕಿ ಕುಟ್ಟಿ ಮುಗಿಸಬೇಕು. ಊಟಕ್ಕೆ ಮುಂಚೆ ಕಲಸಿಟ್ಟದ್ದು ಬಿರುಸಾಯಿತೆಂದು ಊಟದ ಮೇಲೆ ನೀರು ಹೊಯ್ದು ಮತ್ತೆ ಕಲಸುವುದು ಅನೇಕ ಕಡೆ ನಡೆಯುತ್ತದೆ. ಅಂತಹ ಕಾಂಕ್ರೀಟ್ ಹಿಡಿದುಕೊಂಡಂತೆ ಕಂಡರೂ ಬಲವಿರುವುದಿಲ್ಲ. ಹಾಗೆಯೇ ಗೋಡೆಯಲ್ಲಿ ಒಂದು ಪದರ ಹಾಕಿ ಊಟಕ್ಕೆ ಹೋಗಿ ಬಂದು ಅದರ ಮೇಲೆ ಇನ್ನೊಂದು ಪದರ ಹಾಕಿದರೆ ಎರಡೂ ಒಂದಾಗುವುದಿಲ್ಲ. ತೊಟ್ಟಿಯಲ್ಲಿ ನೀರು ತುಂಬಿದಾಗ ಒಂದೇ ಮಟ್ಟದಲ್ಲಿ ಸುತ್ತಲೂ ಬೆವರುವ ಗೆರೆಯನ್ನು ಕಂಡವರು ಇದನ್ನು ನೆನಪಿಗೆ ತಂದುಕೊಳ್ಳಬಹುದು. ಸರದಿಯಲ್ಲಿ ಊಟಕ್ಕೆ ಕಳುಹಿಸಿ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ಯಜಮಾನನ ಜವಾಬ್ದಾರಿ. ನಿಲ್ಲಿಸಲೇಬೇಕಾಗಿ ಬಂದರೆ, ಗಟ್ಟಿಯಾದ ಅಂಚನ್ನು ಮರುದಿನ ತಂತಿಯ ಬ್ರಷ್ಷಿನಿಂದ ಜಲ್ಲಿ ಕಾಣುವಂತೆ ಉಜ್ಜಿ, ತೊಳೆದು, ಒದ್ದೆ ಮಾಡಿ ಆಮೇಲೆ ಮುಂದುವರಿಸಬೇಕು.

ಅಂಗಳದಲ್ಲಿ ಇಂತಹ ನಿಲುಗಡೆಯನ್ನು ಮೊದಲೇ ಯೋಜಿಸಿಕೊಳ್ಳಬಹುದು. 10 ಸೆಂ.ಮೀ. ದಪ್ಪದ ನೆಲವನ್ನು ಎರಡೂವರೆ, ಮೂರು ಮೀಟರಿನ ಚೌಕಗಳಾಗಿ ವಿಂಗಡಿಸಿ, ಚೌಕಕ್ಕೊಂದು ಸಲದಂತೆ ಹಾಕಿದರೆ ಮುಂದೆ ಒಣಗಿ ಕುಗ್ಗುವಾಗಿನ ಸೀಳು ಆ ಸಂದಿಯಲ್ಲಿಯೇ ಆಗುತ್ತದೆ. ಒಂದು ಮೀಟರಿಗೆ ಒಂದು ಸೆಂ.ಮೀ.ನಂತೆ ಇಳಿಜಾರು ಕೊಡುವುದನ್ನು ಮರೆಯಬಾರದು.

ಯಾವ ತಿಂಗಳು?

ಈ ಭಾಗದಲ್ಲಿ ಕಟ್ಟಡದ ಕೆಲಸಗಳೆಲ್ಲ ಮಳೆಗಾಲಕ್ಕೆ ಮುಂಚೆ ಮುಗಿಯಲೆಂದು ಏಪ್ರಿಲ್-ಮೇ ತಿಂಗಳಿಗೆ ಬಂದು ನಿಲ್ಲುತ್ತವೆ. ಇದು ಅತ್ಯಂತ ಅನನುಕೂಲವಾದ ಕಾಲ. ಬಾವಿಯಲ್ಲಿ ನೀರು ತಳ ಸೇರಿ ಉಪ್ಪಾಗಿರುತ್ತದೆ, ಹದಿನಾಲ್ಕು ದಿನ ನೀರುಣಿಸಲು ಸಾಲದು. ಬಿಸಿಲು ಪ್ರಖರ. ಸಂಜೆ ಇದ್ದಕ್ಕಿದ್ದಂತೆ ಗುಡುಗು ಮಳೆ ಬಂದು ಹಸಿ ಕಾಂಕ್ರೀಟಿನ ಸಿಮೆಂಟನ್ನು ತೊಳೆದುಕೊಂಡು ಹೋಗುತ್ತದೆ. ಮುಂಗಾರು ಬೆಳೆಯ ಭತ್ತ ಒಣಗಿಸಿ ಮುಗಿದ ನಂತರದ ಡಿಸೆಂಬರ್ ತಿಂಗಳು ಮೇಲು. ಆಗ ಅಡಿಕೆಗೆ ಅಂಗಳ ಬೇಕಾಗುತ್ತದೆ ಎಂಬ ಅಡಚಣೆ ನಿಜ. ಅರ್ಧ ಅಂಗಳವನ್ನು ಈ ವರ್ಷ, ಇನ್ನರ್ಧವನ್ನು ಮುಂದಿನ ವರ್ಷ ಹಾಕಿಸುವುದರಿಂದ ಇದು ಪರಿಹಾರವಾಗುತ್ತದೆ, ಹಣದ ಭಾರವೂ ಹಂಚಿಹೋಗುತ್ತದೆ. ಮೇ ತಿಂಗಳಲ್ಲಿಯೇ ಮಾಡಬೇಕಾದರೆ ಪ್ಲಾಸ್ಟಿಕ್ ಹಾಳೆ ಕೈಗೆಟಕುವಂತಿರಬೇಕು. ಮಳೆ ಬಿದ್ದುಬಿಟ್ಟರೆ ನಿಂತ ನೀರನ್ನು ಗೋಣಿಯಿಂದ ಎಳೆದು ಹಾಕಬೇಕೇ ಹೊರತು ಅದರೊಳಗೆ ಒಣ ಸಿಮೆಂಟು ಎರಚಿ ಉಜ್ಜಬಾರದು.

ನೀರುಣಿಸುವುದು

ಈಗ ಪೇಟೆಯಲ್ಲಿ ಸಿಗುವ ಸಿಮೆಂಟಿನಲ್ಲಿ ಹೆಚ್ಚಿನದು ಹಾರುಬೂದಿ ಸೇರಿಸಿದ ಪೊಜ್ಜೊಲಾನ ಸಿಮೆಂಟು. ಕರಾವಳಿಗೆ ಇದು ಒಳ್ಳೆಯದು, ಉಪ್ಪು ಇದರೊಳಗೆ ನಿಧಾನವಾಗಿ ಇಳಿಯುತ್ತದೆ. ಆದರೆ ಇದು ಬಲ ಪಡೆಯುವುದೂ ನಿಧಾನ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಿದರೆ ಇದಕ್ಕೆ 10 ದಿನಗಳಾದರೂ ಬೇಕು, 14 ದಿನ ಉತ್ತಮ. ಅಂಗಳದ ಸುತ್ತ ಮಣ್ಣಿನ ಬದು ಕಟ್ಟಿ, ಗದ್ದೆಗೆ ನೀರು ನಿಲ್ಲಿಸುವಂತೆ ಒಂದೆರಡು ಅಂಗುಲ ನೀರು ನಿಲ್ಲಿಸುವುದು ಎಲ್ಲಕ್ಕಿಂತ ಸುಲಭವಾದ ವಿಧಾನ. ಗೋಡೆಗಳಿಗೆ ಒದ್ದೆ ಗೋಣಿ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಬೇಕು. ಬೈಹುಲ್ಲು ಹರಡಿ ನೀರು ಹೊಯ್ದರೂ ಆದೀತು, ಬಣ್ಣ ಹತ್ತುತ್ತದೆ ಅಷ್ಟೇ. ದಿನಕ್ಕೆರಡು ಬಾರಿ ಕೊಡಪಾನದಿಂದ ಎರಚಿ, ನಡುವೆ ಬಿಸಿಲಿಗೆ ಒಣಗಲು ಬಿಡುವುದು ನೀರುಣಿಸಿದಂತಾಗುವುದಿಲ್ಲ. ಮೊದಲ ರಾತ್ರಿ ದನ, ನಾಯಿಗಳು ಹಾಯದಂತೆ ಬೇಲಿಯಿರಲಿ.

ಜೇನುಗೂಡು ಕಂಡುಬಂದಲ್ಲಿ ಹಲಗೆ ತೆಗೆದ ದಿನವೇ ಸಡಿಲ ಜಲ್ಲಿಯನ್ನೆಲ್ಲ ಉಳಿಯಿಂದ ಕೆತ್ತಿ, ಗಟ್ಟಿ ಭಾಗ ಸಿಗುವವರೆಗೆ ಹೋಗಿ, ತೊಳೆದು ಒದ್ದೆ ಮಾಡಿ, ಸಿಮೆಂಟಿನ ತಿಳಿಯನ್ನು ಸವರಿ, ಅದೇ ಪ್ರಮಾಣದ ಬಿಗಿಯಾದ ಗಾರೆಯನ್ನು ಒತ್ತಿ ತುಂಬಬೇಕು. ಸರಳು ಕಾಣುವಷ್ಟು ಆಳವಿದ್ದರೆ ಎಂಜಿನಿಯರರಿಗೆ ತೋರಿಸದೆ ಮುಚ್ಚಬಾರದು. ಕೆಲಸ ಮಾಡುವವರು ಹಸಿ ಸಿಮೆಂಟಿನಲ್ಲಿ ಬರಿಗಾಲಿನಲ್ಲಿ ನಿಲ್ಲುವುದರಿಂದ ಚರ್ಮ ಸುಟ್ಟು ಹುಣ್ಣಾಗುತ್ತದೆ. ರಬ್ಬರ್ ಬೂಟು, ಕೈಗವಸು ಕೊಡಿಸುವುದು ಚೀಲ ಸಿಮೆಂಟಿನ ಬೆಲೆಗಿಂತ ಬಹಳ ಹೆಚ್ಚೇನಲ್ಲ.

ಹೊಸ ತೊಟ್ಟಿಗೆ ಮೊದಲು ತುಂಬಿದ ನೀರು ಸುಣ್ಣದ ಅಂಶ ಬಿಟ್ಟುಕೊಂಡು ತೀವ್ರ ಕ್ಷಾರವಾಗುತ್ತದೆ. ಅದನ್ನು ಸಸಿಮಡಿಗೆ, ತರಕಾರಿಗೆ ಬಿಡಬಾರದು, ಮೀನು ಮರಿಗಳನ್ನಂತೂ ಬಿಡಲೇಬಾರದು. ನಾಲ್ಕೈದು ದಿನ ನಿಲ್ಲಿಸಿ ಹೊರಹಾಕಿ, ಹೀಗೆ ಎರಡು ಮೂರು ಸಲ ಮಾಡಿದ ಮೇಲೆ ತೋಟಕ್ಕೆ ಉಪಯೋಗಿಸಬಹುದು. ಮೊದಲ ಸಲ ತುಂಬುವಾಗ ಒಂದೇ ದಿನಕ್ಕೆ ಕಂಠದವರೆಗೆ ತುಂಬದೆ ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಪ್ರತಿ ಸಂಜೆ ಹೊರಮೈಯಲ್ಲಿ ಒದ್ದೆ ಕಾಣುವ ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡರೆ, ನೀರು ಖಾಲಿ ಮಾಡಿದಾಗ ದುರಸ್ತಿ ಎಲ್ಲಿ ಬೇಕೆಂಬುದು ಸ್ಪಷ್ಟವಾಗುತ್ತದೆ.